ಸುಟ್ಟ ಗಾಯ ‘ನಂಜೇರೋದು’ ಯಾಕೆ? ಟಿ ಕೋಶಗಳು ಕೈಕೊಟ್ಟಾಗ ಏನಾಗುತ್ತೆ

(ಪಾಡ್‌ಕಾಸ್ಟ್ ಎಪಿಸೋಡ್‌ನ ಬರಹ ರೂಪ)

ಕೊಳ್ಳೇಗಾಲದಿಂದ ಮಾತಾಡ್ತಾ ಇದ್ದೀನಿ. ಇವತ್ತಿನ ವಿಷಯ ಸುಟ್ಟ ಗಾಯ.

ಹನೂರು, ಯಳಂದೂರು ಕಡೆಯ ಹಳ್ಳಿಗಳಲ್ಲಿ ಒಂದು ಮಾತನ್ನ ನೀವೂ ಕೇಳಿರ್ತೀರಿ. “ಬೆಂಕಿ ಬಿದ್ದಾಗ ಉಳ್ಕೊಂಡ್ರು ಕಣಪ್ಪ, ಮಾತಾಡ್ತಾ ಚೆನ್ನಾಗೇ ಇದ್ರು, ಹತ್ತು ದಿನ ಆದ್ಮೇಲೆ ನಂಜೇರಿ ಹೋಗ್ಬಿಟ್ರು.” ಉಳಿದವರು ಹತ್ತು ದಿನದ ಮೇಲೆ ಯಾಕೆ ಹೋಗ್ತಾರೆ? ಈ ಎಪಿಸೋಡ್ ಇರೋದೇ ಆ ಪ್ರಶ್ನೆಗೆ.

ನಮ್ಮ ಕಡೆ ಸುಡೋದಕ್ಕೆ ದಾರಿಗಳು ಬೇಕಾದಷ್ಟಿವೆ. ಸೌದೆ ಒಲೆ, ಸ್ನಾನದ ಹಂಡೆ, ಗ್ಯಾಸ್ ಸಿಲಿಂಡರ್, ಕರೆಂಟ್. ರೇಷ್ಮೆ ಊರಾದ್ದರಿಂದ ಬಿಚ್ಚಾಣಿಕೆ ಮನೆಗಳಲ್ಲಿ ಗೂಡು ಬೇಯಿಸೋ ಕುದಿನೀರೂ ಇದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಪ್ರಕಾರ ಭಾರತದಲ್ಲಿ ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ಜನ ಮಧ್ಯಮ ಅಥವಾ ತೀವ್ರ ಪ್ರಮಾಣದಲ್ಲಿ ಸುಟ್ಟುಕೊಳ್ತಾರೆ.

ಮೊದಲು ಗಾಯದ ಅಳತೆ. ಬೆರಳು ಸೇರಿಸಿ ನಮ್ಮ ಒಂದು ಅಂಗೈ ಅಂದ್ರೆ ನಮ್ಮ ಮೈಯ ಚರ್ಮದಲ್ಲಿ ಹೆಚ್ಚುಕಡಿಮೆ ಶೇ 1. ದೊಡ್ಡವರಲ್ಲಿ ಒಂದು ಕೈ ಪೂರ್ತಿ ಶೇ 9, ಒಂದು ಕಾಲು ಪೂರ್ತಿ ಶೇ 18. ಸುಟ್ಟಿದ್ದು ಶೇ 20 ದಾಟಿತು ಅಂದ್ರೆ ಅದು ಬರೀ ಚರ್ಮದ ಗಾಯವಲ್ಲ, ಇಡೀ ದೇಹದ ಕಾಯಿಲೆ.

ಚರ್ಮ ನಮ್ಮ ಮನೆ ಬಾಗಿಲು ಇದ್ದ ಹಾಗೆ. ಅದು ಸುಟ್ಟರೆ ಬ್ಯಾಕ್ಟೀರಿಯಾ ಒಳಗೆ ಬರುತ್ತೆ, ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ವಿಷಯ ಏನಂದ್ರೆ, ಅದೇ ಹೊತ್ತಿಗೆ ಒಳಗಿನ ಕಾವಲುಗಾರರೂ ಕೈಕೊಡ್ತಾರೆ. ಆ ಕಾವಲುಗಾರರಲ್ಲಿ ಮುಖ್ಯವಾದವರು ಟಿ ಕೋಶಗಳು.

ಇವು ಬಿಳಿ ರಕ್ತಕಣಗಳ ಒಂದು ಬಗೆ. ಮೂಳೆಯ ಮಜ್ಜೆಯಲ್ಲಿ ಹುಟ್ಟಿ, ಎದೆಮೂಳೆಯ ಹಿಂದಿರೋ ಥೈಮಸ್ ಅನ್ನೋ ಗ್ರಂಥಿಯಲ್ಲಿ ತರಬೇತಿ ಪಡೀತವೆ. ‘ಟಿ’ ಅನ್ನೋ ಹೆಸರು ಬಂದಿದ್ದು ಅಲ್ಲಿಂದಲೇ. ಕೆಲವು ಸೋಂಕಾದ ಕೋಶಗಳನ್ನ ಕೊಲ್ಲುತ್ವೆ. ಕೆಲವು ಬೇರೆ ಕೋಶಗಳಿಗೆ ಅಪ್ಪಣೆ ಕೊಡುತ್ವೆ, ಇವು ಸಹಾಯಕ ಟಿ ಕೋಶಗಳು. ಎಚ್‌ಐವಿ ವೈರಸ್ ಹಾಳು ಮಾಡೋದು ಇವನ್ನೇ. ಮೂರನೇ ಗುಂಪು ನಿಯಂತ್ರಕ ಟಿ ಕೋಶಗಳು, “ಸಾಕು, ನಿಲ್ಲಿಸ್ರಪ್ಪ” ಅಂತ ತಡೆಯೋವು.

ಈಗ ದೊಡ್ಡ ಸುಟ್ಟ ಗಾಯ ಆಯ್ತು ಅಂದ್ಕೊಳ್ಳಿ. ಸತ್ತ ಚರ್ಮದಿಂದ ಅಪಾಯದ ಸಂಕೇತಗಳು ರಕ್ತಕ್ಕೆ ನುಗ್ಗುತ್ವೆ, ದೇಹ ಪೂರ್ತಿ ಉರಿಯೂತ ಶುರುವಾಗುತ್ತೆ. ಹಾಗೇ ಬಿಟ್ಟರೆ ಶ್ವಾಸಕೋಶ, ಮೂತ್ರಪಿಂಡ ಎಲ್ಲಾ ಹಾಳಾಗುತ್ತೆ. ಅದಕ್ಕೆ ದೇಹ ಜೊತೆಜೊತೆಗೇ ಬ್ರೇಕ್ ಒತ್ತುತ್ತೆ. ತೊಂದರೆ ಏನಂದ್ರೆ ಆ ಬ್ರೇಕ್ ಬೇಕಾದ್ದಕ್ಕಿಂತ ಜೋರಾಗಿ, ತುಂಬಾ ದಿನ ಹಿಡಿದುಬಿಡುತ್ತೆ.

ಒತ್ತಡದ ಹಾರ್ಮೋನ್ ಕಾರ್ಟಿಸೋಲ್ ಏರುತ್ತೆ. ಮ್ಯಾಕ್ರೋಫೇಜ್ ಅನ್ನೋ ಕೋಶಗಳು ಪ್ರೊಸ್ಟಗ್ಲಾಂಡಿನ್ ಇ2 ಅನ್ನೋ ರಾಸಾಯನಿಕ ಸುರಿಸುತ್ವೆ. ಎರಡೂ ಟಿ ಕೋಶಗಳನ್ನ ಅದುಮುತ್ವೆ. ಎಷ್ಟೋ ಟಿ ಕೋಶಗಳು ತಮ್ಮನ್ನ ತಾವೇ ಮುಗಿಸಿಕೊಳ್ತವೆ. ಉಳಿದವು ಇಂಟರ್‌ಲ್ಯೂಕಿನ್-2 ಅನ್ನ ಕಡಿಮೆ ತಯಾರಿಸುತ್ವೆ. ಟಿ ಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯೋಕೆ ಬೇಕಾದ ಸಂಕೇತ ಅದು. ಆ ಕಡೆ ತಡೆಯೋ ನಿಯಂತ್ರಕ ಕೋಶಗಳ ಕೈ ಮೇಲಾಗುತ್ತೆ.

ನಾನು ಬಿ.ಕಾಂ. ಓದಿದವಳು, ನನ್ನ ಭಾಷೆಯಲ್ಲೇ ಹೇಳ್ತೀನಿ. ಅಂಗಡಿಗೆ ಬೆಂಕಿ ಬಿದ್ದ ದಿನವೇ ಬ್ಯಾಂಕಿನವರು ಓವರ್‌ಡ್ರಾಫ್ಟ್ ನಿಲ್ಲಿಸಿದ ಹಾಗೆ ಇದು. ಅಂಗಡಿ ಮುಳುಗೋದು ಅವತ್ತಲ್ಲ, ಎರಡನೇ ವಾರ ಕೈಯಲ್ಲಿ ಬಂಡವಾಳ ಇಲ್ಲದಾಗ. ಸೂಡೊಮೊನಾಸ್, ಅಸಿನೆಟೊಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾ, ಶಿಲೀಂಧ್ರ, ಮೈಯೊಳಗೇ ಮಲಗಿದ್ದ ಹರ್ಪಿಸ್ ಜಾತಿಯ ವೈರಸ್ ಎಲ್ಲಾ ಏಳೋದು ಇಂಥ ಹೊತ್ತಲ್ಲಿ. ನಮ್ಮ ಹಿರಿಯರು ‘ನಂಜೇರ್ತು’ ಅಂದಿದ್ದು ಇದಕ್ಕೇ. ವೈದ್ಯರು ಸೆಪ್ಸಿಸ್ ಅಂತಾರೆ.

ಇದಕ್ಕೆ ಪುರಾವೆ ಏನು ಅಂತ ಕೇಳಬಹುದು. 1943ರಲ್ಲಿ ಗ್ಲಾಸ್ಗೋದಲ್ಲಿ ಥಾಮಸ್ ಗಿಬ್ಸನ್ ಮತ್ತು ಪೀಟರ್ ಮೆಡಾವರ್, ಸುಟ್ಟುಕೊಂಡಿದ್ದ 22 ವರ್ಷದ ಹೆಣ್ಣುಮಗಳೊಬ್ಬಳಿಗೆ ಅವಳ ಅಣ್ಣತಮ್ಮನ ಚರ್ಮ ಕಸಿ ಮಾಡಿದ್ದರ ವರದಿ ಬರೆದ್ರು. ಮೊದಲ ಸಲದ ಚರ್ಮವನ್ನ ದೇಹ ಕೆಲವು ದಿನ ಇಟ್ಟುಕೊಂಡು ತಳ್ಳಿತು. ಎರಡನೇ ಸಲ ಹಾಕಿದ್ದನ್ನ ಇನ್ನೂ ಬೇಗ ತಳ್ಳಿತು. ಅಂದ್ರೆ ದೇಹಕ್ಕೆ ಹೊರಗಿನವರ ನೆನಪಿರುತ್ತೆ. ಮೆಡಾವರ್‌ಗೆ 1960ರಲ್ಲಿ ನೊಬೆಲ್ ಬಂತು. 1961ರಲ್ಲಿ ಜಾಕ್ ಮಿಲ್ಲರ್ ಥೈಮಸ್ ತೆಗೆದ ಇಲಿಮರಿಗಳ ಮೇಲೆ ಪ್ರಯೋಗ ಮಾಡಿ, ಅವು ಬೇರೆ ಇಲಿಯ ಚರ್ಮವನ್ನ ತಳ್ಳೋದಿಲ್ಲ ಅಂತ ತೋರಿಸಿದ್ರು. ಹಾಗಾಗಿ ಚರ್ಮ ತಳ್ಳೋ ಕೆಲಸ ಟಿ ಕೋಶಗಳದ್ದು. ಈಗ ಇದನ್ನ ನೋಡಿ: ತುಂಬಾ ದೊಡ್ಡ ಸುಟ್ಟ ಗಾಯ ಇರೋರಲ್ಲಿ ಬೇರೆಯವರ ಚರ್ಮ ಮಾಮೂಲಿಗಿಂತ ಹೆಚ್ಚು ದಿನ ಅಂಟಿಕೊಂಡಿರುತ್ತೆ. ಟಿ ಕೋಶಗಳು ಸೋತಿವೆ ಅನ್ನೋದಕ್ಕೆ ಅದೂ ಒಂದು ಗುರುತು.

ಇದೆಲ್ಲಾ ನಮಗ್ಯಾಕೆ ಅಂದ್ರೆ, ಮನೆಯವರಾಗಿ ನಾವು ಮಾಡೋ ಕೆಲವು ಕೆಲಸ ಇಲ್ಲೇ ಎಡವುತ್ತೆ.

ಒಂದು, “ನಾಲ್ಕು ದಿನ ಆಯ್ತು, ಆರಾಮಾಗಿದ್ದಾರೆ” ಅಂತ ಮನೆಗೆ ಕರ್ಕೊಂಡು ಬರೋದು. ಇಲ್ಲಿಂದ ಮೈಸೂರು ಸುಮಾರು 60 ಕಿಲೋಮೀಟರ್, ಬೆಟ್ಟದ ಕಡೆಯವರಿಗೆ ಇನ್ನೂ ದೂರ. ಉಳಿದುಕೊಳ್ಳೋ ಖರ್ಚು, ಹೋಗೋ ಕೂಲಿ ಎರಡೂ ಲೆಕ್ಕ ನನಗೆ ಅರ್ಥ ಆಗುತ್ತೆ. ಆದರೆ ವೈದ್ಯರು ಹೇಳೋ ಮುಂಚೆ ಬರಬೇಡಿ, ಅಪಾಯದ ದಿನಗಳು ಮುಂದಿರುತ್ವೆ. ಸತ್ತ ಚರ್ಮ ಬೇಗ ತೆಗೆದು ಕಸಿ ಮಾಡಬೇಕು ಅಂದಾಗ ಮುಂದೂಡಲೂಬೇಡಿ.

ಎರಡು, ಪಥ್ಯ. ಮೊಟ್ಟೆ, ಮಾಂಸ, ಬೇಳೆ ನಂಜು, ಕೀವಾಗುತ್ತೆ ಅಂತ ಗಂಜಿ ಮಾತ್ರ ಕೊಡೋದು. ದೊಡ್ಡ ಗಾಯದಲ್ಲಿ ದೇಹ ಖರ್ಚು ಮಾಡೋ ಶಕ್ತಿ ದುಪ್ಪಟ್ಟಿನ ಹತ್ತಿರ ಹೋಗಬಹುದು. ಹೊಸ ಟಿ ಕೋಶಕ್ಕೂ ಹೊಸ ಚರ್ಮಕ್ಕೂ ಪ್ರೋಟೀನ್ ಬೇಕು. ವೈದ್ಯರು ಬೇಡ ಅನ್ನದಿದ್ದರೆ ಮೊಟ್ಟೆ, ಹಾಲು, ಬೇಳೆ, ಮಾಂಸ ಕೊಡಿ.

ಮೂರು, ನೋಡೋಕೆ ಅಂತ ಇಪ್ಪತ್ತು ಜನ ವಾರ್ಡಿಗೆ ನುಗ್ಗೋದು. ಪ್ರೀತಿ ಸರಿ, ಆದರೆ ಕೈ ತೊಳೆದ ಒಬ್ಬರು ಸಾಕು.

ಜ್ವರ, ಇಲ್ಲಾ ಮೈ ತಣ್ಣಗಾಗೋದು, ತಡಬಡಿಸಿ ಮಾತಾಡೋದು, ಜೋರು ಉಸಿರು, ಮೂತ್ರ ಕಡಿಮೆಯಾಗೋದು, ಗಾಯದ ಬಣ್ಣ ಅಥವಾ ವಾಸನೆ ಬದಲಾಗೋದು ಕಂಡರೆ ತಕ್ಷಣ ಹೇಳಿ.

ಸುಟ್ಟ ಕೂಡಲೇ 20 ನಿಮಿಷ ಹರಿಯೋ ತಣ್ಣೀರು ಬಿಡಿ. ಐಸ್, ಟೂತ್‌ಪೇಸ್ಟ್, ಇಂಕು, ಅರಿಶಿನ ಯಾವುದೂ ಬೇಡ. ಶುದ್ಧ ಬಟ್ಟೆ ಹೊದಿಸಿ 108ಕ್ಕೆ ಫೋನ್ ಮಾಡಿ.

ಕೊನೆಗೊಂದು ಮಾತು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಚರ್ಮ ಬ್ಯಾಂಕ್ ಇದೆ. ತೀರಿಕೊಂಡ ಆರು ಗಂಟೆಯೊಳಗೆ ತೊಡೆ, ಕಾಲು, ಬೆನ್ನಿನಿಂದ ತೆಳುವಾದ ಪದರ ಮಾತ್ರ ತೆಗೀತಾರೆ, ರಕ್ತದ ಗುಂಪು ಹೊಂದಬೇಕಿಲ್ಲ. ಅದು ಶಾಶ್ವತವಾಗಿ ಅಂಟೋದಿಲ್ಲ, ನಿಜ. ಆದರೆ ಕಾವಲುಗಾರರು ಮತ್ತೆ ಎದ್ದು ನಿಲ್ಲೋ ತನಕ ಬಾಗಿಲು ಮುಚ್ಚಿಡುತ್ತೆ. ಇದನ್ನ ಮನೆಯಲ್ಲಿ ಒಮ್ಮೆ ಮಾತಾಡಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.