ಉಸಿರಿಗೊಂದು ತಾಳ

ಆಸ್ಪತ್ರೆಯಲ್ಲಿ ನರ್ಸ್ ನಿಮ್ಮ ಮಣಿಕಟ್ಟು ಹಿಡಿದು ನಾಡಿ ನೋಡುತ್ತಾರೆ. ಅರ್ಧ ನಿಮಿಷದಲ್ಲಿ ಮುಗಿಯಬೇಕಾದ ಕೆಲಸ ಒಂದು ನಿಮಿಷ ಕಳೆದರೂ ಮುಗಿಯುವುದಿಲ್ಲ. ಬೆರಳು ನಾಡಿಯ ಮೇಲೇ ಇದೆ, ಕಣ್ಣು ಮಾತ್ರ ನಿಮ್ಮ ಎದೆಯ ಕಡೆಗಿದೆ. ಅವರೀಗ ಎಣಿಸುತ್ತಿರುವುದು ಉಸಿರನ್ನು! ‘ನಿಮ್ಮ ಉಸಿರು ಎಣಿಸುತ್ತೇನೆ’ ಎಂದು ಮೊದಲೇ ಹೇಳಿಬಿಟ್ಟರೆ ಲೆಕ್ಕ ಕೆಟ್ಟಿತೆಂದೇ ಅರ್ಥ. ಹೇಳಿದ ಕ್ಷಣದಿಂದ ಉಸಿರಿನ ನಡಿಗೆಯೇ ಬೇರೆಯಾಗುತ್ತದೆ. ಈ ಸಣ್ಣ ಉಪಾಯವನ್ನು ನರ್ಸಿಂಗ್ ಕಲಿಯುವವರಿಗೆ ಪಾಠವಾಗಿಯೇ ಹೇಳಿಕೊಡುತ್ತಾರೆ.

ಈ ಉಪಾಯದ ಹಿಂದೆ ದೊಡ್ಡ ಸಂಗತಿಯೊಂದು ಅಡಗಿದೆ. ‘ಸ್ವಲ್ಪ ನಿಧಾನವಾಗಿ ಬಡಿ’ ಎಂದು ಹೃದಯಕ್ಕೆ ನೇರವಾಗಿ ಹೇಳಲು ನಮಗೆ ಬಾರದು. ಜಠರವೂ ನಮ್ಮ ಮಾತು ಕೇಳದು. ಉಸಿರಾಟ ಹಾಗಲ್ಲ. ನಿದ್ದೆಯಲ್ಲಿ ಅದು ತಾನಾಗಿಯೇ ನಡೆಯುತ್ತದೆ. ಎಚ್ಚರದಲ್ಲಿ, ನಾವು ಮನಸ್ಸು ಮಾಡಿದರೆ, ಹೇಳಿದಂತೆ ಕೇಳುತ್ತದೆ. ದೇಹದೊಳಗಿನ ಯಂತ್ರಕ್ಕೆ ನಮ್ಮ ಕೈಗೆ ಸುಲಭವಾಗಿ ಎಟಕುವ ಹಿಡಿಕೆ ಇದು.

ಈ ಹಿಡಿಕೆಯನ್ನು ತಿರುಗಿಸಲು ಈಗ ಮೊಬೈಲ್ ಫೋನಿನಲ್ಲೇ ಟೈಮರ್‌ಗಳು ಬಂದಿವೆ. ಪರದೆಯ ಮೇಲೆ ಒಂದು ವೃತ್ತ ಹಿಗ್ಗುತ್ತದೆ, ಆಗ ಉಸಿರೆಳೆದುಕೊಳ್ಳಬೇಕು. ಅದು ಕುಗ್ಗುವಾಗ ಉಸಿರು ಬಿಡಬೇಕು. ಕೆಲವದರಲ್ಲಿ ಗಂಟೆಯ ಸದ್ದು, ಕೆಲವದರಲ್ಲಿ ಏರಿಳಿಯುವ ಸ್ವರ. ನೋಡಿದರೆ ಮಕ್ಕಳ ಆಟಿಕೆಯಂತಿದೆ. ‘ಇದರಿಂದ ಏನಾದೀತು?’ ಎಂದು ಮೂಗು ಮುರಿಯುವವರಿದ್ದಾರೆ. ‘ಇದೊಂದಿದ್ದರೆ ಬಿಪಿ ಗುಳಿಗೆಯನ್ನೇ ಬಿಡಬಹುದು’ ಎಂದು ನಂಬಿದವರೂ ಇದ್ದಾರೆ. ನಿಜ ಇವೆರಡರ ನಡುವೆ ಎಲ್ಲೋ ಇದೆ. ಎರಡನೆಯ ನಂಬಿಕೆಯಂತೂ ಜೀವಕ್ಕೇ ಎರವಾಗಬಲ್ಲದು.

ಉಸಿರೇ ಗಡಿಯಾರವಾಗಿದ್ದಾಗ

ಉಸಿರಿಗೂ ಕಾಲಕ್ಕೂ ನಂಟು ಬೆಸೆದದ್ದು ಮೊಬೈಲ್ ಯುಗವೇನೂ ಅಲ್ಲ. ನಮ್ಮ ಹಳೆಯ ಖಗೋಳ ಗ್ರಂಥಗಳಲ್ಲಿ ಉಸಿರೇ ಕಾಲದ ಅಳತೆಯಾಗಿತ್ತು. ಕ್ರಿ.ಶ. 499ರ ಸುಮಾರಿಗೆ ರಚಿತವಾದ ‘ಆರ್ಯಭಟೀಯ’ದ ಲೆಕ್ಕ ಹೀಗಿದೆ: ಆರು ಉಸಿರು, ಎಂದರೆ ಆರು ‘ಪ್ರಾಣ’ ಸೇರಿದರೆ ಒಂದು ವಿನಾಡಿ. ಅರುವತ್ತು ವಿನಾಡಿಗೆ ಒಂದು ನಾಡಿ, ಅದೇ ನಮ್ಮ ಗಳಿಗೆ. ಅರುವತ್ತು ಗಳಿಗೆಗೆ ಒಂದು ದಿನ. ಗುಣಿಸಿ ನೋಡಿ, ದಿನವೊಂದಕ್ಕೆ 21,600 ಉಸಿರು. ಯೋಗದ ಗ್ರಂಥಗಳೂ ಇದೇ ಸಂಖ್ಯೆಯನ್ನು ಹೇಳುತ್ತವೆ. ಇದನ್ನು ನಿಮಿಷಕ್ಕೆ ಇಳಿಸಿದರೆ ಸರಿಯಾಗಿ 15. ಆರೋಗ್ಯವಂತ ವಯಸ್ಕರು ವಿಶ್ರಾಂತಿಯಲ್ಲಿದ್ದಾಗ ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾರೆ ಎಂದು ಇಂದಿನ ವೈದ್ಯರು ಹೇಳುತ್ತಾರೆ. ಹಳಬರ ಲೆಕ್ಕ ಅದರ ನಡುವೆಯೇ ಬಂದು ಕೂರುತ್ತದೆ.

ಆ ಸಹಜ ಉಸಿರನ್ನು ಬೇಕೆಂದೇ ನಿಧಾನಿಸುವಾಗ ಅಳತೆಗೆ ಇನ್ನೇನಾದರೂ ಬೇಕಷ್ಟೆ? ಪ್ರಾಣಾಯಾಮವನ್ನು ಸ್ಥಳ, ಕಾಲ, ಸಂಖ್ಯೆಗಳಿಂದ ಅಳೆಯಬೇಕೆಂದು ಪತಂಜಲಿ ಯೋಗಸೂತ್ರದಲ್ಲೇ ಇದೆ. ಮುಂದಿನವರು ‘ಮಾತ್ರೆ’ಯನ್ನು ಅಳತೆಗೋಲು ಮಾಡಿಕೊಂಡರು. ಛಂದಸ್ಸಿನ ಪಾಠದಲ್ಲಿ ಲಘುವಿಗೆ ಒಂದು, ಗುರುವಿಗೆ ಎರಡು ಎಂದು ನಾವೆಲ್ಲ ಎಣಿಸಿದ ಹೆಸರೇ ಇಲ್ಲೂ ಬಂದಿದೆ. ಕೈಯನ್ನು ಮೊಣಕಾಲಿನ ಸುತ್ತ ಒಂದು ಸುತ್ತು ತಿರುಗಿಸಿ ಚಿಟಿಕೆ ಹೊಡೆಯುವಷ್ಟು ಹೊತ್ತು ಒಂದು ಮಾತ್ರೆ ಎಂಬ ವಿವರಣೆಯೂ ಉಂಟು. ಅಂದರೆ, ಬ್ಯಾಟರಿ ಬೇಡದ ಟೈಮರ್ ಆಗಲೇ ಇತ್ತು!

ಹೊರಗಿನ ತಾಳ ಏಕೆ ಬೇಕು?

‘ಮನಸ್ಸಿನಲ್ಲೇ ಒಂದು, ಎರಡು, ಮೂರು ಎಂದು ಎಣಿಸಿಕೊಂಡರೆ ಸಾಲದೇ? ಯಂತ್ರ ಯಾಕೆ?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರ ಸಂಗೀತದ ಮೇಷ್ಟ್ರುಗಳಿಗೆ ಗೊತ್ತು. ಹೊಸದಾಗಿ ಕಲಿಯುವ ಹುಡುಗ ವೇದಿಕೆ ಹತ್ತಿದೊಡನೆ ಕಾಲಪ್ರಮಾಣ ಓಡತೊಡಗುತ್ತದೆ. ತಾಳ ಹಾಕುವ ಕೈಯೂ ಅವನದೇ ಆದ್ದರಿಂದ ಅದೂ ಜೊತೆಗೇ ಓಡುತ್ತದೆ. ತಾನು ಓಡುತ್ತಿದ್ದೇನೆ ಎಂಬುದು ಅವನಿಗೆ ತಿಳಿಯುವುದೇ ಇಲ್ಲ. ಪಕ್ಕದಲ್ಲಿ ಗುರುಗಳ ಕೈತಾಳ ಬಿದ್ದಾಗಲೇ ಎಚ್ಚರ.

ಉಸಿರಿನದೂ ಇದೇ ಕಥೆ. ಗಾಬರಿಯಲ್ಲಿರುವವರ ಎಣಿಕೆಯೂ ಗಾಬರಿಯಲ್ಲೇ ಇರುತ್ತದೆ. ಆರು ಎಣಿಸಿದೆ ಎಂದುಕೊಂಡಾಗ ಗಡಿಯಾರದಲ್ಲಿ ಮೂರೇ ಸೆಕೆಂಡು ಕಳೆದಿರುತ್ತದೆ. ಅಳೆಯಬೇಕಾದ ವಸ್ತುವೇ ಅಳತೆಗೋಲೂ ಆದರೆ ಹೀಗಾಗುತ್ತದೆ. ಹದಿನೇಳನೆಯ ಶತಮಾನದ ಆರಂಭದಲ್ಲೇ ಇಟಲಿಯ ವೈದ್ಯ ಸ್ಯಾಂಟೋರಿಯೋ ನಾಡಿ ಅಳೆಯಲು ಲೋಲಕವೊಂದನ್ನು ಬಳಸಿದ್ದ. ಲೋಲಕದ ತೂಗಾಟ ರೋಗಿಯ ನಾಡಿಗೆ ಹೊಂದುವವರೆಗೆ ದಾರವನ್ನು ಹೆಚ್ಚು ಕಡಿಮೆ ಮಾಡುವುದು, ಆ ದಾರದ ಉದ್ದವನ್ನೇ ಅಳತೆ ಎಂದು ಬರೆದಿಡುವುದು. ವೈದ್ಯನ ಅಂದಾಜಿಗಿಂತ ದಾರದ ಮಾತು ನಂಬಲರ್ಹ. ಮೊಬೈಲಿನ ವೃತ್ತ ಮಾಡುವುದೂ ಇಷ್ಟೇ. ಅದಕ್ಕೆ ನಮ್ಮ ಗಾಬರಿ ಅಂಟುವುದಿಲ್ಲ.

ಹತ್ತು ಸೆಕೆಂಡಿನ ಗುಟ್ಟು

ಈ ಟೈಮರ್‌ಗಳಲ್ಲಿ ಹೆಚ್ಚಿನವು ನಿಮಿಷಕ್ಕೆ ಆರರ ಆಸುಪಾಸಿನ ಉಸಿರನ್ನು ಗುರಿಯಾಗಿಟ್ಟುಕೊಂಡಿರುತ್ತವೆ. ಒಂದು ಉಸಿರಿಗೆ ಹತ್ತು ಸೆಕೆಂಡು. ಆರೇ ಏಕೆ?

ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟು ನಿಧಾನವಾಗಿ ಉಸಿರಾಡಿ ನೋಡಿ. ಉಸಿರು ಒಳಕ್ಕೆ ಹೋಗುವಾಗ ನಾಡಿ ತುಸು ಚುರುಕಾಗುತ್ತದೆ, ಹೊರಕ್ಕೆ ಬರುವಾಗ ತುಸು ನಿಧಾನವಾಗುತ್ತದೆ. ಎಳೆಯರಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ, ವಯಸ್ಸಾದಂತೆ ಕಡಿಮೆಯಾಗುತ್ತದೆ. ಜರ್ಮನಿಯ ಶರೀರಶಾಸ್ತ್ರಜ್ಞ ಕಾರ್ಲ್ ಲುಡ್ವಿಗ್ 1847ರಲ್ಲಿ ಇದನ್ನು ಉಪಕರಣದಿಂದ ದಾಖಲಿಸಿದ. ಹೃದಯದ ವೇಗಕ್ಕೆ ಕಡಿವಾಣ ಹಾಕುವ ವೇಗಸ್ ನರ ಉಸಿರು ಬಿಡುವಾಗ ಹೆಚ್ಚು ಕೆಲಸ ಮಾಡುತ್ತದೆ. ಉಸಿರು ಬಿಡುವ ಹೊತ್ತು ತುಸು ಉದ್ದವಾಗಿರಲಿ ಎಂದು ಹೇಳುವುದು ಇದಕ್ಕೇ.

ಇನ್ನೊಂದು ಏರ್ಪಾಡೂ ಇದೆ. ಕುತ್ತಿಗೆಯ ದೊಡ್ಡ ರಕ್ತನಾಳಗಳಲ್ಲಿ ಮತ್ತು ಹೃದಯದಿಂದ ಹೊರಡುವ ಮಹಾಧಮನಿಯಲ್ಲಿ ರಕ್ತದೊತ್ತಡವನ್ನು ಕಾಯುವ ಕಾವಲುಗಾರರಿದ್ದಾರೆ. ಒತ್ತಡ ಏರಿದರೆ ಅವು ಮಿದುಳಿಗೆ ಸುದ್ದಿ ಕಳಿಸುತ್ತವೆ, ಮಿದುಳು ಹೃದಯವನ್ನು ನಿಧಾನಗೊಳಿಸಿ ರಕ್ತನಾಳಗಳನ್ನು ಸಡಿಲಿಸುತ್ತದೆ. ಒತ್ತಡ ಇಳಿದರೆ ಇದರ ತಿರುಗುಮುರುಗು. ಸುದ್ದಿ ಹೋಗಿ ಆಜ್ಞೆ ಬಂದು ಪರಿಣಾಮ ಕಾಣಿಸಲು ಹೊತ್ತು ಹಿಡಿಯುವುದರಿಂದ ಈ ಏರಿಳಿತಕ್ಕೆ ತನ್ನದೇ ಲಯವಿದೆ. ಒಂದು ಸುತ್ತಿಗೆ ಸುಮಾರು ಹತ್ತು ಸೆಕೆಂಡು.

ಜೋಕಾಲಿ ತೂಗುವವರನ್ನು ನೆನೆಸಿಕೊಳ್ಳಿ. ಅದು ಹಿಂದಕ್ಕೆ ಬಂದು ತಿರುಗುವ ಹೊತ್ತಿಗೆ ಸರಿಯಾಗಿ ಒಂದು ಸಣ್ಣ ನೂಕು ಕೊಟ್ಟರೆ ಸಾಕು, ಜೋಕಾಲಿ ದೂರ ದೂರ ಹೋಗುತ್ತದೆ. ಹೊತ್ತು ತಪ್ಪಿ ನೂಕಿದರೆ ಶಕ್ತಿಯೆಲ್ಲ ದಂಡ. ಹತ್ತು ಸೆಕೆಂಡಿನ ಉಸಿರು ಒಳಗಿನ ಹತ್ತು ಸೆಕೆಂಡಿನ ಲಯಕ್ಕೆ ಹೊಂದಿದಾಗ ಹೃದಯಬಡಿತದ ಏರಿಳಿತ ದೊಡ್ಡದಾಗುತ್ತದೆ, ಕಾವಲುಗಾರರೂ ಚುರುಕಾಗುತ್ತಾರೆ. ಎಲ್ಲರಿಗೂ ಆರೇ ಸರಿ ಎಂದೇನಿಲ್ಲ. ಒಬ್ಬರಿಗೆ ಐದು, ಇನ್ನೊಬ್ಬರಿಗೆ ಏಳು ಹೊಂದಬಹುದು.

2001ರಲ್ಲಿ ಇಟಲಿಯ ಲುಚಿಯಾನೋ ಬರ್ನಾರ್ಡಿ ಮತ್ತು ಸಂಗಡಿಗರು ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಒಂದು ಸ್ವಾರಸ್ಯದ ವರದಿ ಪ್ರಕಟಿಸಿದರು. 23 ಮಂದಿ ಆರೋಗ್ಯವಂತರಿಂದ ಲ್ಯಾಟಿನ್ ಭಾಷೆಯ ಜಪಮಾಲೆ ಪ್ರಾರ್ಥನೆಯನ್ನೂ ‘ಓಂ ಮಣಿ ಪದ್ಮೇ’ ಮಂತ್ರವನ್ನೂ ಹೇಳಿಸಿದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿದಿತ್ತು! ಯಾರೂ ಗಡಿಯಾರ ನೋಡಿರಲಿಲ್ಲ. ಸಾಲಿನ ಉದ್ದವೇ ಟೈಮರ್ ಆಗಿತ್ತು. ಜಪಮಾಲೆಯನ್ನೋ ಜಪಸರವನ್ನೋ ಹಿಡಿದು ಕೂತು ಎದ್ದಾಗ ಮನಸ್ಸು ಹಗುರಾಗುತ್ತದೆ ಎನ್ನುವ ಹಿರಿಯರ ಮಾತಿನಲ್ಲಿ ಭಕ್ತಿಯ ಜೊತೆಗೆ ಈ ಲೆಕ್ಕವೂ ಸೇರಿರಬಹುದು.

ಯಂತ್ರಗಳ ಪರೀಕ್ಷೆ

ಇನ್ನು ರೋಗಿಗಳ ವಿಷಯಕ್ಕೆ ಬರೋಣ. ಬೆಂಗಳೂರಿನ ಆರ್. ನಾಗರತ್ನ ಮತ್ತು ಎಚ್.ಆರ್. ನಾಗೇಂದ್ರ 1985ರಲ್ಲಿ ಅದೇ ಬ್ರಿಟಿಷ್ ಪತ್ರಿಕೆಯಲ್ಲಿ ಅಸ್ತಮಾ ರೋಗಿಗಳ ಅಧ್ಯಯನವೊಂದನ್ನು ಪ್ರಕಟಿಸಿದರು. ಆಸನ, ಪ್ರಾಣಾಯಾಮ, ಧ್ಯಾನ ಕಲಿತ 53 ಮಂದಿಯನ್ನು ಕಲಿಯದ 53 ಮಂದಿಯೊಡನೆ ಹೋಲಿಸಿದಾಗ ಕಲಿತವರಲ್ಲಿ ಉಬ್ಬಸದ ಹಾವಳಿ ಹೆಚ್ಚು ತಗ್ಗಿತ್ತು. ಆದರೆ ಇದರಲ್ಲಿ ಉಸಿರಾಟದ ಪಾಲು ಎಷ್ಟು ಎಂದು ಬಿಡಿಸಿ ಹೇಳುವಂತಿರಲಿಲ್ಲ. 1990ರಲ್ಲಿ ಜೈಪುರದ ವೈದ್ಯ ವೀರೇಂದ್ರ ಸಿಂಗ್ ಮತ್ತು ಬ್ರಿಟನ್ನಿನ ಸಂಶೋಧಕರು ಉಸಿರನ್ನಷ್ಟೇ ಬೇರ್ಪಡಿಸಿ ಪರೀಕ್ಷಿಸಿದರು. ಜೈಪುರದ ಬಿರುದಿನಿಂದಲೇ ‘ಪಿಂಕ್ ಸಿಟಿ ಲಂಗ್ ಎಕ್ಸರ್‌ಸೈಸರ್’ ಎಂದು ಹೆಸರು ಪಡೆದ ಸಣ್ಣ ಉಪಕರಣ ಅದು. ಬಾಯಿಗಿಟ್ಟು ಉಸಿರಾಡಿದರೆ ಉಸಿರು ತಾನಾಗಿ ನಿಧಾನವಾಗುತ್ತದೆ. ಎಳೆಯುವ ಹೊತ್ತಿನ ಎರಡರಷ್ಟು ಹೊತ್ತು ಬಿಡಲು ಬೇಕಾಗುತ್ತದೆ. ಕಡಿಮೆ ತೀವ್ರತೆಯ ಅಸ್ತಮಾ ಇದ್ದ 18 ಮಂದಿ ದಿನಕ್ಕೆರಡು ಬಾರಿ ಹದಿನೈದು ನಿಮಿಷದಂತೆ ಎರಡು ವಾರ ಬಳಸಿದರು. ನೋಡಲು ಅದರಂತೆಯೇ ಇದ್ದ, ಆದರೆ ಉಸಿರನ್ನು ನಿಧಾನಿಸದ ಇನ್ನೊಂದನ್ನೂ ಅಷ್ಟೇ ದಿನ ಬಳಸಿದರು. ನಿಜವಾದ ಉಪಕರಣ ಬಳಸಿದಾಗ ಶ್ವಾಸನಾಳಗಳು ಥಟ್ಟನೆ ಕೆರಳುವುದು ಕಡಿಮೆಯಾಗಿತ್ತು. ಉಳಿದ ಲಕ್ಷಣಗಳಲ್ಲಿ ಕಂಡ ಸುಧಾರಣೆ ಮಾತ್ರ ಖಚಿತವಾಗಿ ಹೇಳುವಷ್ಟು ದೊಡ್ಡದಿರಲಿಲ್ಲ.

ರಕ್ತದೊತ್ತಡಕ್ಕೆಂದೇ ಬಂದದ್ದು ಇಸ್ರೇಲಿನ ‘ರೆಸ್ಪೆರೇಟ್’. ಎದೆಗೆ ಕಟ್ಟಿದ ಪಟ್ಟಿ ಉಸಿರನ್ನು ಗಮನಿಸುತ್ತದೆ, ಕಿವಿಗಿಟ್ಟ ಹೆಡ್‌ಫೋನಿನ ಸ್ವರ ಉಸಿರನ್ನು ಮೆಲ್ಲಮೆಲ್ಲನೆ ನಿಮಿಷಕ್ಕೆ ಹತ್ತಕ್ಕಿಂತ ಕೆಳಗೆ ಇಳಿಸುತ್ತದೆ. ಅಮೆರಿಕದ ಔಷಧ ಆಡಳಿತ 2002ರಲ್ಲಿ ಇದಕ್ಕೆ ಅನುಮತಿ ಕೊಟ್ಟಿತು. ಔಷಧ, ಪಥ್ಯಗಳ ಜೊತೆಗೆ ಬಳಸಬಹುದೆಂದು ಅಲ್ಲಿನ ಹೃದ್ರೋಗ ಸಂಘ 2013ರಲ್ಲಿ ಹೇಳಿತು. ಆದರೆ ಅದಕ್ಕೆ ಒಂದು ವರ್ಷ ಮೊದಲೇ, ಇಂಥ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ ವಿಮರ್ಶೆಯೊಂದು ಬೇರೆಯೇ ಚಿತ್ರ ಕೊಟ್ಟಿತ್ತು. ಎಲ್ಲವನ್ನೂ ಸೇರಿಸಿದರೆ ಮೇಲಿನ ಅಂಕಿ ಸುಮಾರು 3ರಷ್ಟು ಇಳಿದಿತ್ತು. ತಯಾರಕರು ಹಣ ಕೊಟ್ಟ ಅಥವಾ ಕೈ ಸೇರಿಸಿದ ಪರೀಕ್ಷೆಗಳನ್ನು ಬದಿಗಿಟ್ಟರೆ ಆ ಲಾಭವೂ ಉಳಿಯಲಿಲ್ಲ.

160 ಇರುವ ಬಿಪಿಯಲ್ಲಿ 3 ಕಳೆದರೆ ಉಳಿಯುವುದೆಷ್ಟು? ಗುಳಿಗೆ ಬಿಡಬಹುದು ಎನ್ನುವವರು ಈ ಲೆಕ್ಕ ಹಾಕಿ ನೋಡಬೇಕು. ರಕ್ತದೊತ್ತಡ ಸದ್ದಿಲ್ಲದ ಕಾಯಿಲೆ. ಮನಸ್ಸು ಶಾಂತವಾಗಿದೆ ಎಂದ ಮಾತ್ರಕ್ಕೆ ಒತ್ತಡ ಇಳಿದಿದೆ ಎಂದಲ್ಲ. ಮಿದುಳಿನ ಆಘಾತ ಮುನ್ಸೂಚನೆ ಕೊಟ್ಟೇ ಬರುತ್ತದೆಂದೂ ಇಲ್ಲ. ಉಬ್ಬಸದವರಿಗೂ ಇದೇ ಮಾತು. ಉಸಿರಿನ ಅಭ್ಯಾಸ ಇನ್‌ಹೇಲರಿನ ಪಕ್ಕದಲ್ಲಿರಲಿ, ಅದರ ಜಾಗದಲ್ಲಿ ಬೇಡ.

ಮಾಡುವ ಬಗೆ

ಬೆನ್ನಿಗೆ ಒರಗು ಕೊಟ್ಟು ಕುರ್ಚಿಯಲ್ಲಿ ಕೂತರೂ ಆದೀತು, ಚಾಪೆಯ ಮೇಲಾದರೂ ಆದೀತು. ಹೊಟ್ಟೆ ಬಿರಿಯ ಉಂಡೊಡನೆ ಬೇಡ. ಫೋನಿನ ಟೈಮರ್ ಆದರೆ ಕರೆ, ಸಂದೇಶಗಳ ಸದ್ದು ಮೊದಲು ನಿಲ್ಲಿಸಿ. ಸಾಲದವರ ಕರೆ ನಡುವೆ ಬಂದರೆ ಯಾವ ಪ್ರಾಣಾಯಾಮವೂ ನಿಲ್ಲದು! ಚಿತ್ರಕ್ಕಿಂತ ಸದ್ದು ಒಳ್ಳೆಯದು, ಕಣ್ಣು ಮುಚ್ಚಬಹುದು.

ಮೊದಲ ವಾರ ಮೂರು ಸೆಕೆಂಡು ಒಳಗೆ, ನಾಲ್ಕು ಸೆಕೆಂಡು ಹೊರಗೆ. ದಿನಕ್ಕೆ ಐದು ನಿಮಿಷ ಸಾಕು. ಹಿತವೆನಿಸಿದರೆ ನಾಲ್ಕು ಒಳಗೆ, ಆರು ಹೊರಗೆ. ಐದು ನಿಮಿಷಕ್ಕೆ ಮೂವತ್ತು ಉಸಿರು. ಮೂಗಿನಿಂದಲೇ ಎಳೆಯಿರಿ. ಎದುರಿಗೆ ದೀಪವಿದ್ದರೆ ಅದರ ಕುಡಿ ಆರದೆ ಸುಮ್ಮನೆ ಬಾಗುವಷ್ಟು ಮೆತ್ತಗೆ ಬಿಡಿ. ಫೋನಿಲ್ಲದಿದ್ದರೆ ಗೋಡೆ ಗಡಿಯಾರದ ಟಿಕ್ ಟಿಕ್ ಸಾಕು.

ಇಲ್ಲಿ ಹಲವರು ಎಡವುವುದು ಒಂದೇ ಕಡೆ. ನಿಧಾನ ಎಂದರೆ ಎದೆ ಬಿರಿಯುವಷ್ಟು ಎಂದು ತಿಳಿಯುತ್ತಾರೆ. ಅತಿಯಾಗಿ ಗಾಳಿ ಎಳೆದು ಬಿಟ್ಟರೆ ರಕ್ತದಲ್ಲಿರಬೇಕಾದ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತಲೆ ಸುತ್ತುತ್ತದೆ, ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಗುಡುತ್ತದೆ. ಹಾಗಾದರೆ ಟೈಮರ್ ನಿಲ್ಲಿಸಿ, ಉಸಿರನ್ನು ಅದರ ಪಾಡಿಗೆ ಬಿಡಿ. ‘ಘೇರಂಡ ಸಂಹಿತೆ’ಯಲ್ಲಿ ಬರುವ 16-64-32 ಮಾತ್ರೆಗಳಂಥ ದೀರ್ಘ ಕುಂಭಕವನ್ನು ಫೋನ್ ನೋಡಿ ಕಲಿಯಲು ಹೋಗಬೇಡಿ, ಅದಕ್ಕೆ ಎದುರಿಗೆ ಗುರು ಬೇಕು. ಹೃದ್ರೋಗಿಗಳು, ಗರ್ಭಿಣಿಯರು, ಮೂರ್ಛೆರೋಗ ಇರುವವರು ಉಸಿರು ಕಟ್ಟುವುದೇ ಬೇಡ. ನಿಧಾನ ಉಸಿರಿಗೂ ವೈದ್ಯರನ್ನು ಒಂದು ಮಾತು ಕೇಳಿ ತೊಡಗುವುದು ಒಳಿತು. ವಾಹನ ಓಡಿಸುವಾಗ ಈ ಅಭ್ಯಾಸ ಸಲ್ಲದು. ಎದೆನೋವೋ ಏಕಾಏಕಿ ಏದುಸಿರೋ ಬಂದಾಗ ಟೈಮರ್ ಹಾಕಿಕೊಂಡು ಕೂರುವ ಹೊತ್ತಲ್ಲ, ಆಸ್ಪತ್ರೆಗೆ ಹೊರಡುವ ಹೊತ್ತು.

ಇಷ್ಟೆಲ್ಲ ಆದ ಮೇಲೆ ಉಳಿಯುವ ಲಾಭವೇನು? ಖರ್ಚಿಲ್ಲದ ಐದು ನಿಮಿಷದ ನೆಮ್ಮದಿ. ಪರೀಕ್ಷೆಯ ಹಿಂದಿನ ರಾತ್ರಿ ವಿದ್ಯಾರ್ಥಿಗೆ, ಆಪರೇಷನ್ ಥಿಯೇಟರಿನ ಹೊರಗೆ ಕಾದು ಕೂತ ಮನೆಯವರಿಗೆ, ನಡುರಾತ್ರಿ ನಿದ್ದೆ ಹಾರಿಹೋದವರಿಗೆ ಅದು ಸಣ್ಣ ಸಂಗತಿಯಲ್ಲ. ಆ ಹೊತ್ತಿನಲ್ಲಿ ಫೋನ್ ಕೈಯಲ್ಲಿರಲಿ, ಇಲ್ಲದಿರಲಿ, ಹತ್ತು ಸೆಕೆಂಡಿನ ಉದ್ದ ಎಷ್ಟೆಂದು ಮೈಗೆ ಗೊತ್ತಿದ್ದರೆ ಸಾಕು. ಸೈಕಲ್ ಕಲಿಸುವವರು ಒಂದು ಹಂತದಲ್ಲಿ ಹಿಂದಿನಿಂದ ಕೈ ಬಿಟ್ಟುಬಿಡುತ್ತಾರಲ್ಲ, ಟೈಮರ್ ಕೂಡ ಹಾಗೆಯೇ ಕೈಬಿಡಬೇಕು. ಇಂದು ರಾತ್ರಿ ಮಲಗುವ ಮುನ್ನ ಗಡಿಯಾರ ನೋಡಿ ಮೂವತ್ತು ಉಸಿರು ಎಣಿಸಿ. ಬಿಪಿ ಗುಳಿಗೆ ಇದ್ದವರು ಅದನ್ನು ನುಂಗಿಯೇ ಎಣಿಸಲು ಕೂರಿ.