ವೀಸಾ ಕೌಂಟರ್ ಖಾಸಗಿಯವರದು, ಹೊಣೆ ಯಾರದು?

ಪರದೇಶದಲ್ಲಿ ಒಬ್ಬ ಬಂಧುವೂ ಇಲ್ಲದ ಮನೆ ನಮ್ಮ ಕರಾವಳಿಯಲ್ಲಿ ಅಪರೂಪ. ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋದವರು, ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ದಾದಿಯರಾಗಿರುವವರು, ಓದಲೆಂದು ಯುರೋಪಿಗೆ ಹೊರಟವರು ಎಲ್ಲರೂ ನಮ್ಮ ನಡುವಿನವರೇ. ಇವರಲ್ಲಿ ಹೆಚ್ಚಿನವರು ವೀಸಾಕ್ಕಾಗಿ ಹೋದಾಗ ಮೊದಲು ಕಂಡದ್ದು ಒಂದು ಖಾಸಗಿ ಕಂಪೆನಿಯ ಸಿಬ್ಬಂದಿಯನ್ನು. ಆ ದೇಶದ ಅಧಿಕಾರಿಯ ಮುಖವನ್ನು ಅವರು ನೋಡಿರುವುದೇ ಇಲ್ಲ. ಬೆರಳಚ್ಚು, ಬ್ಯಾಂಕ್ ಖಾತೆಯ ವಿವರ, ಮದುವೆಯ ದಾಖಲೆ, ಪಾಸ್‌ಪೋರ್ಟ್ ಎಲ್ಲವನ್ನೂ ಆ ಕಂಪೆನಿಯ ಕೈಗೆ ಕೊಟ್ಟು ರಶೀದಿ ಪಡೆದು ಬರುತ್ತೇವೆ. ಏನಾದರೂ ತಪ್ಪಿದರೆ ಉತ್ತರ ಹೇಳುವವರು ಯಾರು? ಕಂಪೆನಿಯೋ, ಸರಕಾರವೋ? ಈ ಪ್ರಶ್ನೆಯನ್ನು ತುಸು ವಿವರವಾಗಿ ನೋಡೋಣ.

ಈ ವ್ಯವಸ್ಥೆ ಹುಟ್ಟಿದ್ದೇ ನಮ್ಮ ದೇಶದಲ್ಲಿ

ವೀಸಾ ಅರ್ಜಿಗಳನ್ನು ಖಾಸಗಿ ಕಂಪೆನಿ ಸ್ವೀಕರಿಸುವ ಪದ್ಧತಿ ತೀರಾ ಹಳೆಯದಲ್ಲ. ಇಂದು ಈ ಕ್ಷೇತ್ರದಲ್ಲಿ ದೊಡ್ಡ ಹೆಸರಾಗಿರುವ ವಿ.ಎಫ್.ಎಸ್. ಗ್ಲೋಬಲ್ ಆರಂಭವಾದದ್ದು 2001ರಲ್ಲಿ, ಮುಂಬಯಿಯಲ್ಲಿ. ಅದರ ಮೊದಲ ಗ್ರಾಹಕ ಅಲ್ಲಿನ ಅಮೆರಿಕನ್ ಕಾನ್ಸುಲೇಟ್. ಕಾನ್ಸುಲೇಟುಗಳ ಮುಂದೆ ಉದ್ದನೆಯ ಸಾಲು, ಒಳಗೆ ಕಡತಗಳ ರಾಶಿ. ಅರ್ಜಿ ಪಡೆಯುವುದು, ಶುಲ್ಕ ಕಟ್ಟಿಸಿಕೊಳ್ಳುವುದು, ಪಾಸ್‌ಪೋರ್ಟ್ ಹಿಂದಿರುಗಿಸುವುದು ಇವೆಲ್ಲ ಗುಮಾಸ್ತರ ಕೆಲಸ, ಇದನ್ನು ಹೊರಗಿನವರಿಗೆ ಒಪ್ಪಿಸಿ ಅಧಿಕಾರಿಗಳು ತೀರ್ಮಾನದ ಕಡೆ ಗಮನ ಕೊಡಲಿ ಎಂಬುದು ಇದರ ಹಿಂದಿನ ವಿಚಾರ. ವಿಚಾರ ಸರಿಯೇ. ಆದರೆ ಕೆಲಸವನ್ನು ಒಪ್ಪಿಸಿದವರು ಅದರ ಮೇಲೆ ಕಣ್ಣಿಡುವುದನ್ನೂ ಬಿಟ್ಟರೆ ಏನಾಗುತ್ತದೆ?

ಕೇಳಿಸಿಕೊಳ್ಳದ ಒಂದು ದೂರು

2005ರ ದಶಂಬರದಲ್ಲಿ ಬ್ರಿಟನ್ ವೀಸಾಕ್ಕೆ ಆನ್‌ಲೈನ್ ಅರ್ಜಿ ತುಂಬಿದ ಭಾರತೀಯರೊಬ್ಬರಿಗೆ ಒಂದು ದೋಷ ಕಣ್ಣಿಗೆ ಬಿತ್ತು. ವಿ.ಎಫ್.ಎಸ್. ನಡೆಸುತ್ತಿದ್ದ ಆ ತಾಣದ ವಿಳಾಸದಲ್ಲಿ ಸಣ್ಣ ಬದಲಾವಣೆ ಮಾಡಿದರೆ ಬೇರೆ ಅರ್ಜಿದಾರರ ಖಾಸಗಿ ವಿವರಗಳು ತೆರೆದುಕೊಳ್ಳುತ್ತಿದ್ದವು. ಅವರು ಅದನ್ನು ತಿಳಿಸಿದರು. ಆದರೂ ದೋಷ ಪೂರ್ತಿಯಾಗಿ ಸರಿಹೋಗಲಿಲ್ಲ. 2007ರ ಮೇ ತಿಂಗಳಲ್ಲಿ ಬ್ರಿಟನ್ನಿನ ಚಾನೆಲ್ 4 ಸುದ್ದಿವಾಹಿನಿ ಇದನ್ನು ಬಯಲಿಗೆಳೆದ ಮೇಲೆಯೇ ತಾಣವನ್ನು ಮುಚ್ಚಿದ್ದು. ನಂತರ ಸ್ವತಂತ್ರ ತನಿಖೆಯೂ ನಡೆಯಿತು.

ಇಲ್ಲಿ ನಾವು ಗಮನಿಸಬೇಕಾದ ಅಂಶ ಒಂದಿದೆ. ಅದೇ ವರ್ಷದ ನವೆಂಬರಿನಲ್ಲಿ ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ, ದತ್ತಾಂಶ ರಕ್ಷಣಾ ಕಾಯಿದೆಯನ್ನು ಮುರಿದದ್ದು ಬ್ರಿಟಿಷ್ ವಿದೇಶಾಂಗ ಇಲಾಖೆ ಎಂದು ಹೇಳಿತು. ತಾಣ ನಡೆಸಿದ್ದು ಕಂಪೆನಿಯಾದರೂ ಕಾನೂನಿನ ಮುಂದೆ ಉತ್ತರ ಕೊಡಬೇಕಾದದ್ದು ಸರಕಾರ. ಆ ಆನ್‌ಲೈನ್ ಸೌಲಭ್ಯವನ್ನು ಮತ್ತೆ ತೆರೆಯುವುದಿಲ್ಲವೆಂದು ಇಲಾಖೆ ಲಿಖಿತವಾಗಿ ಒಪ್ಪಿಕೊಳ್ಳಬೇಕಾಯಿತು. ಕೆಲಸವನ್ನು ಗುತ್ತಿಗೆಗೆ ಕೊಡಬಹುದು, ಹೊಣೆಯನ್ನು ಕೊಡಲಾಗದು ಎಂಬುದೇ ಈ ಪ್ರಕರಣದ ಪಾಠ.

ನಿಯಮ ಬರೆದಿಟ್ಟರೆ ಹೇಗಿರುತ್ತದೆ?

ಯುರೋಪಿನ ಶೆಂಗೆನ್ ದೇಶಗಳು ಈ ಗೆರೆಯನ್ನು ಕಾನೂನಿನಲ್ಲಿಯೇ ಎಳೆದಿವೆ. 2009ರ ವೀಸಾ ಸಂಹಿತೆಯ ಪ್ರಕಾರ ಖಾಸಗಿ ಕಂಪೆನಿ ಮಾಹಿತಿ ಕೊಡಬಹುದು, ಅರ್ಜಿ ಮತ್ತು ಬೆರಳಚ್ಚು ಪಡೆಯಬಹುದು, ಶುಲ್ಕ ಸಂಗ್ರಹಿಸಬಹುದು. ಆದರೆ ಅರ್ಜಿಯನ್ನು ಪರಿಶೀಲಿಸಿ ವೀಸಾ ಕೊಡುವ ಅಥವಾ ನಿರಾಕರಿಸುವ ಅಧಿಕಾರ ಅದಕ್ಕಿಲ್ಲ. ವೀಸಾ ಮಾಹಿತಿಗಳ ಕೇಂದ್ರ ಗಣಕ ವ್ಯವಸ್ಥೆಯನ್ನು ಅದು ಯಾವ ಕಾರಣಕ್ಕೂ ತೆರೆದು ನೋಡುವಂತಿಲ್ಲ. ಕಂಪೆನಿಯ ಸೇವಾಶುಲ್ಕ ಸಾಮಾನ್ಯವಾಗಿ ವೀಸಾ ಶುಲ್ಕದ ಅರ್ಧವನ್ನು ಮೀರಬಾರದು. 2024ರ ಜೂನ್‌ನಿಂದ ವಯಸ್ಕರ ಶುಲ್ಕ 90 ಯೂರೋ ಆಗಿರುವುದರಿಂದ ಸೇವಾಶುಲ್ಕದ ಮಿತಿ 45 ಯೂರೋ. 2019ರಲ್ಲಿ ಆದ ತಿದ್ದುಪಡಿಯಂತೆ ಸದಸ್ಯ ದೇಶಗಳು ಕನಿಷ್ಠ ಒಂಬತ್ತು ತಿಂಗಳಿಗೊಮ್ಮೆ ಈ ಕೇಂದ್ರಗಳಿಗೆ ಹೋಗಿ ಸ್ಥಳ ತಪಾಸಣೆ ಮಾಡಬೇಕು, ವರ್ಷಕ್ಕೊಮ್ಮೆ ಐರೋಪ್ಯ ಆಯೋಗಕ್ಕೆ ವರದಿ ಕೊಡಬೇಕು.

ಮಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋದವರು ಇಂತಹದೇ ಒಂದು ಗೆರೆಯನ್ನು ಕಣ್ಣಾರೆ ಕಂಡಿದ್ದಾರೆ. ಪಾಸ್‌ಪೋರ್ಟ್ ಸೇವೆಗಾಗಿ ವಿದೇಶಾಂಗ ಸಚಿವಾಲಯ 2008ರಲ್ಲಿ ಟಿ.ಸಿ.ಎಸ್. ಕಂಪೆನಿಯೊಡನೆ ಒಪ್ಪಂದ ಮಾಡಿಕೊಂಡಿತು. 2010ರಲ್ಲಿ ಆರಂಭವಾದ ಪ್ರಾಯೋಗಿಕ ಹಂತದಲ್ಲಿ ಬೆಂಗಳೂರು, ಹುಬ್ಬಳ್ಳಿಗಳ ಜೊತೆ ಮಂಗಳೂರು ಕೂಡ ಇತ್ತು. ಅಲ್ಲಿ ನಾವು ಎ, ಬಿ, ಸಿ ಎಂಬ ಮೂರು ಕೌಂಟರುಗಳನ್ನು ದಾಟಬೇಕು. ‘ಎ’ಯಲ್ಲಿ ಫೊಟೋ, ಬೆರಳಚ್ಚು ತೆಗೆದು ದಾಖಲೆಗಳನ್ನು ಸ್ಕ್ಯಾನ್ ಮಾಡುವವರು ಕಂಪೆನಿಯ ಸಿಬ್ಬಂದಿ. ‘ಬಿ’ಯಲ್ಲಿ ದಾಖಲೆ ಪರಿಶೀಲಿಸುವವರು ಮತ್ತು ‘ಸಿ’ಯಲ್ಲಿ ಮಂಜೂರಾತಿಯ ತೀರ್ಮಾನ ಮಾಡುವವರು ಸರಕಾರಿ ಅಧಿಕಾರಿಗಳು. ಒಂದೇ ಸೂರಿನಡಿ ಇದ್ದರೂ ಇವರ ಅಧಿಕಾರ ಬೇರೆ ಬೇರೆ.

ಕೌಂಟರಿನ ಜಾಗದಲ್ಲಿ ಬೀಗವಿದ್ದಾಗ

ಖಾಸಗಿಯವರ ಕೈಗೆ ಹೋಗಿರುವುದು ಅರ್ಜಿ ಮತ್ತು ರಶೀದಿಯ ಕೆಲಸ ಮಾತ್ರವಲ್ಲ. ಕೆಲವು ದೇಶಗಳಲ್ಲಿ ವಲಸಿಗರನ್ನು ಕೂಡಿಹಾಕುವ ಕೇಂದ್ರಗಳನ್ನು ನಡೆಸುವವರೂ ಕಂಪೆನಿಗಳೇ. ಲಂಡನ್ನಿನ ಗ್ಯಾಟ್‌ವಿಕ್ ವಿಮಾನ ನಿಲ್ದಾಣದ ಬಳಿಯ ಬ್ರೂಕ್ ಹೌಸ್ ಇದಕ್ಕೆ ಉದಾಹರಣೆ. ವೀಸಾ ಅವಧಿ ಮುಗಿದವರು, ಆಶ್ರಯ ಕೋರಿ ಬಂದವರು ಮೊದಲಾದವರನ್ನು ಗಡೀಪಾರಿಗೆ ಮುನ್ನ ಇಲ್ಲಿ ಇರಿಸುತ್ತಾರೆ. ಜಿ4ಎಸ್ ಕಂಪೆನಿ ಇದನ್ನು ನಡೆಸುತ್ತಿದ್ದಾಗ, 2017ರ ಸೆಪ್ಟೆಂಬರಿನಲ್ಲಿ ಬಿ.ಬಿ.ಸಿ.ಯ ಪನೋರಮಾ ಕಾರ್ಯಕ್ರಮವು ಗುಪ್ತ ಕ್ಯಾಮೆರಾದಲ್ಲಿ ಸೆರೆಹಿಡಿದ ದೃಶ್ಯಗಳನ್ನು ತೋರಿಸಿತು. ಸಿಬ್ಬಂದಿ ಕೆಲವರು ಅಲ್ಲಿದ್ದವರನ್ನು ಹೀಯಾಳಿಸಿ ಹಿಂಸಿಸುತ್ತಿದ್ದರು.

ಸರಕಾರದ ಮೇಲ್ವಿಚಾರಣೆ ಇರಲಿಲ್ಲವೆ? ಇತ್ತು, ಕಾಗದದಲ್ಲಿ. ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕ ಪರಿಶೋಧನಾ ಕಚೇರಿಯು 2019ರಲ್ಲಿ ಆ ಗುತ್ತಿಗೆಯನ್ನು ಪರಿಶೀಲಿಸಿದಾಗ, ಬಂಧಿತರ ಮೇಲಿನ ದೌರ್ಜನ್ಯಕ್ಕಾಗಿ ಕಂಪೆನಿಯ ಹಣದಲ್ಲಿ ದೊಡ್ಡ ಮೊತ್ತವನ್ನು ತಡೆಹಿಡಿಯಲು ಕರಾರಿನಲ್ಲಿ ಅವಕಾಶವೇ ಸಾಲದು ಎಂಬುದು ಕಂಡುಬಂತು. ಸಾರ್ವಜನಿಕ ತನಿಖೆಯ ವರದಿ 2023ರ ಸೆಪ್ಟೆಂಬರಿನಲ್ಲಿ ಹೊರಬಂತು. ಕೇವಲ ಐದು ತಿಂಗಳ ಅವಧಿಯಲ್ಲಿ, ಅಮಾನವೀಯ ಹಾಗೂ ಅವಮಾನಕರ ವರ್ತನೆಯನ್ನು ನಿಷೇಧಿಸುವ ಮಾನವ ಹಕ್ಕುಗಳ ವಿಧಿಯನ್ನು ಮೀರಿದವೆಂದು ನಂಬಲು ಆಧಾರವಿರುವ 19 ಘಟನೆಗಳನ್ನು ಅದು ಗುರುತಿಸಿತು. ಅಷ್ಟರಲ್ಲಿ ಗುತ್ತಿಗೆ 2020ರಲ್ಲೇ ಸೆರ್ಕೊ ಎಂಬ ಇನ್ನೊಂದು ಕಂಪೆನಿಗೆ ಹೋಗಿತ್ತು. ಕರಾರಿನಲ್ಲಿ ಅಳೆಯುವ ಕೋಲು ಯಾವುದೋ ಮೇಲ್ವಿಚಾರಣೆಯೂ ಅದೇ. ಮನುಷ್ಯರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದನ್ನು ಅಳೆಯದಿದ್ದರೆ ಲೆಕ್ಕಪತ್ರ ಸರಿಯಿದ್ದೂ ಅನ್ಯಾಯ ನಡೆಯಬಹುದು.

ನಾವು ತಿಳಿದಿರಬೇಕಾದದ್ದು

ಪರದೇಶದ ಕರಾರುಗಳನ್ನು ತಿದ್ದುವ ಶಕ್ತಿ ನಮಗಿಲ್ಲ. ಆದರೆ ಹೊರಡುವ ನಮ್ಮ ಯುವಜನರು ಕೆಲವು ವಿಷಯಗಳನ್ನು ತಿಳಿದಿದ್ದರೆ ಒಳ್ಳೆಯದು.

ಒಂದನೆಯದಾಗಿ, ಅರ್ಜಿ ಕೇಂದ್ರದ ಸಿಬ್ಬಂದಿಗೆ ವೀಸಾ ಕೊಡಿಸುವ ಶಕ್ತಿಯಿಲ್ಲ. ‘ಒಳಗೆ ನಮ್ಮವರಿದ್ದಾರೆ, ಮಾಡಿಸಿಕೊಡುತ್ತೇವೆ’ ಎನ್ನುವ ದಲ್ಲಾಳಿಗೆ ಕೊಟ್ಟ ಹಣ ಹೊಳೆಯಲ್ಲಿ ಹುಣಸೆ ತೊಳೆದಂತೆ.

ಎರಡನೆಯದಾಗಿ, ವೀಸಾ ಶುಲ್ಕ ಎಷ್ಟು, ಸೇವಾಶುಲ್ಕ ಎಷ್ಟು ಎಂದು ರಶೀದಿಯಲ್ಲಿ ನೋಡಿಕೊಳ್ಳಬೇಕು. ಎಸ್.ಎಂ.ಎಸ್., ಕೊರಿಯರ್, ವಿಶೇಷ ಕೊಠಡಿ ಮುಂತಾದ ಹೆಚ್ಚುವರಿ ಸೇವೆಗಳನ್ನು ಕೊಳ್ಳುವ ಮೊದಲು ಇದು ಕಡ್ಡಾಯವೇ ಎಂದು ಕೇಳಬೇಕು. ಅವುಗಳಿಗೆ ಹಣ ಕೊಟ್ಟ ಮಾತ್ರಕ್ಕೆ ತೀರ್ಮಾನ ನಮ್ಮ ಪರವಾಗಿ ಬರುವುದಿಲ್ಲ.

ಮೂರನೆಯದಾಗಿ, ದೂರಿದ್ದರೆ ಕಂಪೆನಿಗೆ ಲಿಖಿತವಾಗಿ ಕೊಡಬೇಕು. ಉತ್ತರ ಬಾರದಿದ್ದರೆ ಅಲ್ಲಿಗೇ ಬಿಡದೆ, ಕಂಪೆನಿಯನ್ನು ನೇಮಿಸಿದ ರಾಯಭಾರ ಕಚೇರಿಗೆ ಬರೆಯಬೇಕು. ನಮ್ಮ ಪಾಸ್‌ಪೋರ್ಟ್ ಸೇವೆಯ ಬಗ್ಗೆ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಗೂ ಕೇಂದ್ರ ಸರಕಾರದ ಕುಂದುಕೊರತೆ ವಿಭಾಗಕ್ಕೂ ದೂರಬಹುದು. ಹೊರದೇಶದಲ್ಲಿರುವ ಭಾರತೀಯರ ಅಹವಾಲುಗಳಿಗಾಗಿ ವಿದೇಶಾಂಗ ಸಚಿವಾಲಯವು 2015ರಲ್ಲಿ ‘ಮದದ್’ ಎಂಬ ಆನ್‌ಲೈನ್ ವ್ಯವಸ್ಥೆಯನ್ನು ಆರಂಭಿಸಿದೆ.

ನಾಲ್ಕನೆಯದಾಗಿ, ನಮ್ಮ ಸರಕಾರ ಕೊಟ್ಟ ಗುತ್ತಿಗೆಗಳ ವಿಷಯದಲ್ಲಿ 2005ರ ಮಾಹಿತಿ ಹಕ್ಕು ಕಾಯಿದೆ ನಮ್ಮ ಕೈಯಲ್ಲಿದೆ. ಕಂಪೆನಿಯನ್ನು ನೇರವಾಗಿ ಕೇಳಲಾಗದಿದ್ದರೂ ಅದನ್ನು ನೇಮಿಸಿದ ಇಲಾಖೆಯನ್ನು ಕೇಳಬಹುದು.

ಒಂದು ಸರಕಾರ ಎಷ್ಟೇ ತಪಾಸಣೆ ನಡೆಸಿದರೂ ಕೌಂಟರಿನ ಮುಂದೆ ನಿಂತವನಿಗೆ ಕಾಣುವುದು ಅಧಿಕಾರಿಗೆ ಕಾಣುವುದಿಲ್ಲ. 2005ರಲ್ಲಿ ಆ ದೋಷವನ್ನು ಕಂಡು ತಿಳಿಸಿದವರು ಸಾಮಾನ್ಯ ಅರ್ಜಿದಾರರು. ಅವರ ಮಾತನ್ನು ಅಂದೇ ಸರಿಯಾಗಿ ಕೇಳಿಸಿಕೊಂಡಿದ್ದರೆ ಒಂದೂವರೆ ವರ್ಷ ಸಾವಿರಾರು ಜನರ ವಿವರಗಳು ಅಪಾಯದಲ್ಲಿ ಇರುತ್ತಿರಲಿಲ್ಲ. ವೀಸಾ ಎಲ್ಲಿ ಕೈತಪ್ಪುವುದೋ ಎಂಬ ಅಂಜಿಕೆಯಿಂದ ನಮ್ಮವರು ಎಷ್ಟೋ ಸಲ ಬಾಯಿ ಬಿಡುವುದಿಲ್ಲ. ಆ ಅಂಜಿಕೆ ಅರ್ಥವಾಗುವಂಥದ್ದೇ. ಆದರೂ ಪಾಸ್‌ಪೋರ್ಟ್ ಕೈಗೆ ಬಂದ ಮೇಲಾದರೂ ಒಂದು ಪತ್ರ ಬರೆದರೆ, ಮುಂದೆ ಅದೇ ಸಾಲಿನಲ್ಲಿ ನಿಲ್ಲುವವರಿಗೆ ಉಪಕಾರವಾದೀತು.