ಕಣಿವೆಯೊಳಗೆ ಸಿಳ್ಳೆ ಹೊಡೆದವರಾರು?

ಕುದುರೆಮುಖದ ಶಿಖರವನ್ನು ನಾವು ಮುಟ್ಟಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಹೊರಟವರು ಹದಿನಾಲ್ಕು ಜನ, ಅದರಲ್ಲಿ ಐವರು ಮಕ್ಕಳು. ಸೆಪ್ಟೆಂಬರ್ ಕೊನೆಯ ವಾರ. ಕಳಸದ ಬಳಿಯ ಸಂಸೆ ಕಡೆಯಿಂದ ಮುಳ್ಳೋಡಿಯವರೆಗೆ ಜೀಪು; ಅಲ್ಲಿಂದ ಕಾಲೇ ಗತಿ. ರಾಷ್ಟ್ರೀಯ ಉದ್ಯಾನವಾದ್ದರಿಂದ ಅನುಮತಿ ಬೇಕು, ಮಾರ್ಗದರ್ಶಿಯೂ ಬೇಕು. ನಮ್ಮ ಮಾರ್ಗದರ್ಶಿ ಅದೇ ಊರಿನವರು, ಮಾತು ಕಡಿಮೆ. ಚೀಲ ಬಿಚ್ಚಿಸಿ ಪ್ಲಾಸ್ಟಿಕ್ ಪೊಟ್ಟಣಗಳನ್ನು ಎಣಿಸಿದರು. ‘ಹದಿನೇಳು. ಸಂಜೆ ಮತ್ತೆ ಎಣಿಸ್ತೀನಿ’ ಎಂದರು. ಅವರಿಗಿಂತ ಮುಂದೆ ಯಾರೂ ಹೋಗುವಂತಿಲ್ಲ, ಕೊನೆಯಲ್ಲಿ ಒಬ್ಬರು ದೊಡ್ಡವರು ಇರಲೇಬೇಕು. ಇಷ್ಟೇ ನಿಯಮ.

ಒಂಟಿ ಮರ ದಾಟಿದ ಮೇಲೆ ಬೆಟ್ಟದ ಸ್ವರೂಪ ಕಣ್ಣಿಗೆ ಬಿತ್ತು. ಮೇಲೆಲ್ಲ ಬರೀ ಹುಲ್ಲು. ಎರಡು ಗುಡ್ಡ ಕೂಡುವ ಮಡಿಕೆಗಳಲ್ಲಿ ಮಾತ್ರ ಕಪ್ಪು ಹಸಿರಿನ ದಟ್ಟ ಕಾಡು, ಯಾರೋ ಕಂಬಳಿ ತುರುಕಿಟ್ಟ ಹಾಗೆ. ಇದೇ ಶೋಲಾ ಕಾಡು. ತಮಿಳಿನ ‘ಸೋಲೈ’ಯಿಂದ ಬಂದ ಹೆಸರು. ಬೋಳು ಇಳಿಜಾರಿನಲ್ಲಿ ಗಾಳಿಯ ಹೊಡೆತ ಹೆಚ್ಚು, ಮಣ್ಣು ತೆಳು. ಕೊರಕಲಿನಲ್ಲಿ ಗಾಳಿಗೆ ಮರೆಯುಂಟು, ಮಣ್ಣೂ ನೀರೂ ಬಂದು ಸೇರುತ್ತವೆ. ಆದ್ದರಿಂದಲೇ ಮರಗಳು ಅಲ್ಲಿ ಗುಂಪುಗೂಡಿವೆ. ಮರಗಳು ಗಿಡ್ಡ, ಕೊಂಬೆಗಳು ಸೊಟ್ಟ, ಮೈತುಂಬ ಪಾಚಿ. ಮಳೆಗಾಲದ ನೀರನ್ನು ಹೀರಿಟ್ಟುಕೊಂಡು ಬೇಸಿಗೆಯಲ್ಲಿ ತೊಟ್ಟು ತೊಟ್ಟಾಗಿ ಬಿಡುವುದು ಈ ಕಾಡಿನ ಕೆಲಸ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಈ ಬೆಟ್ಟಸಾಲಿನಲ್ಲೇ. ಇಲ್ಲಿ ಕಬ್ಬಿಣದ ಅದಿರು ಅಗೆಯುವುದು ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ನಿಂತಿತು.

ಮೊದಲ ಕಣಿವೆಗೆ ಇಳಿದಾಗ ಹಗಲೇ ಸಂಜೆಯಾದಂತಾಯಿತು. ಕೆಳಗೆ ಉಂಬಳಗಳ ರಾಜ್ಯ. ಅವುಗಳಲ್ಲಿ ವಿಷವಿಲ್ಲ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಸ ಅವುಗಳ ಜೊಲ್ಲಿನಲ್ಲಿರುವುದರಿಂದ ಬಿದ್ದುಹೋದ ಮೇಲೂ ರಕ್ತ ಸೋರುತ್ತದೆ, ಅಷ್ಟೇ. ಮಕ್ಕಳಿಗೆ ಇದು ಗೊತ್ತಾದ ಕೂಡಲೇ ಹೆದರಿಕೆ ಹೋಗಿ ಲೆಕ್ಕ ಶುರುವಾಯಿತು. ಕಿರುಚಿದವರೆಲ್ಲ ದೊಡ್ಡವರು!

ಎರಡನೇ ಹಳ್ಳದ ಬಳಿ ಒಂಬತ್ತು ವರ್ಷದ ಹುಡುಗಿ ಒಂದು ಚಪ್ಪಟೆ ಬಂಡೆಯ ಮೇಲೆ ಕೂತು ಕಾಲ್ಚೀಲ ಕೊಡವುತ್ತಿದ್ದಳು. ಆಗ ಯಾರೋ ಸಿಳ್ಳೆ ಹೊಡೆದರು. ದಾರಿ ತಪ್ಪಿದ ಹುಡುಗನೊಬ್ಬ ಬೇಸರಕ್ಕೆ ಹೊಡೆಯುವಂಥ ಸಿಳ್ಳೆ, ಅರ್ಧಂಬರ್ಧ ರಾಗ. ಅವಳು ಮರುಸಿಳ್ಳೆ ಹೊಡೆದು ಪೊದೆಯ ಕಡೆ ಎದ್ದು ಹೊರಟೇಬಿಟ್ಟಳು. ಕೊನೆಯಲ್ಲಿದ್ದವರು ತೋಳು ಹಿಡಿದರು. ‘ಅದು ಸಿಳ್ಳಾರ ಹಕ್ಕಿ. ಎಷ್ಟೋ ಜನರನ್ನು ಕರೆದಿದೆ’ ಎಂದರು ಮಾರ್ಗದರ್ಶಿ. ಕಡುನೀಲಿಯ ಆ ಹಕ್ಕಿ ಒಂದು ಕ್ಷಣ ಕಲ್ಲಿನ ಮೇಲೆ ಕಂಡು ಮರೆಯಾಯಿತು.

ನಾಲ್ಕನೇ ಹಳ್ಳದಲ್ಲಿ ಅವರು ಬಗ್ಗಿ ನಿಂತರು. ನಮ್ಮ ಮೇಲೆ ಬಿಸಿಲಿತ್ತು. ಶಿಖರ ಮಾತ್ರ ಮೋಡದೊಳಗೆ. ತಿಳಿಯಾಗಿ ಹರಿಯಬೇಕಾದ ನೀರು ಚಹಾ ಬಣ್ಣಕ್ಕೆ ತಿರುಗಿತ್ತು, ಒಣ ಎಲೆ, ಕಡ್ಡಿ ತೇಲಿ ಬರುತ್ತಿದ್ದವು.

‘ಮೇಲೆ ಮಳೆ ಹಿಡಿದಿದೆ. ವಾಪಸ್.’

ನಮ್ಮಲ್ಲೊಬ್ಬರಿಗೆ ಸಿಟ್ಟು ಬಂತು. ‘ಇಷ್ಟು ದೂರ ಬಂದು? ಮೊಣಕಾಲುದ್ದವೂ ಇಲ್ಲ ನೀರು.’

‘ಹೋಗುವಾಗ ಇಲ್ಲ ಸಾರ್. ಬರುವಾಗ?’

ನನಗೂ ಒಳಗೊಳಗೇ ಅಸಮಾಧಾನ. ಒಂದು ತಾಸು ಕಾಯಬಹುದಿತ್ತಲ್ಲ ಎಂದುಕೊಂಡೇ ಹಿಂದಿರುಗಿದೆ. ಎರಡನೇ ಹಳ್ಳಕ್ಕೆ ಬರುವ ಹೊತ್ತಿಗೆ ಹುಡುಗಿ ಕೂತಿದ್ದ ಬಂಡೆ ಕಾಣಲಿಲ್ಲ. ಅದರ ಮೇಲೆ ಕೆಂಪು ನೀರು ಸುಳಿ ಸುತ್ತುತ್ತಿತ್ತು. ಹಗ್ಗ ಕಟ್ಟಿ, ಮಕ್ಕಳನ್ನು ಕೈಯಿಂದ ಕೈಗೆ ದಾಟಿಸಿದೆವು. ಸಿಟ್ಟಾದವರೇ ನಡುನೀರಿನಲ್ಲಿ ನಿಂತು ಐವರನ್ನೂ ಎತ್ತಿಕೊಟ್ಟರು. ಯಾರೂ ಮಾತಾಡಲಿಲ್ಲ.

ಮುಳ್ಳೋಡಿಯಲ್ಲಿ ಪೊಟ್ಟಣಗಳ ಎಣಿಕೆ. ಹದಿನಾರು! ಎಲ್ಲರ ಜೇಬು ತಡಕಿದ ಮೇಲೆ ಹದಿನೇಳನೆಯದು ನನ್ನದರಲ್ಲೇ ಸಿಕ್ಕಿತು. ಜೀಪು ಹೊರಡುವಾಗ ಹುಡುಗಿ ಆ ಸಿಳ್ಳೆಯನ್ನು ಅಭ್ಯಾಸ ಮಾಡುತ್ತಿದ್ದಳು. ಮಾರ್ಗದರ್ಶಿ ತಿರುಗಿ ನೋಡದೆ ಹೇಳಿದರು: ‘ಕೊನೆಗೆ ಸ್ವಲ್ಪ ಮೇಲಕ್ಕೆ ಎಳಿ.’